ಹಿಡಿಯಕ್ಕಿಯ ಮಡಕೆ

ನಮ್ಮ ಮನೆಯಲ್ಲಿ ಅಕ್ಕಿಗೆ ಯಾವತ್ತೂ ಬರವಿರಲಿಲ್ಲ. ಅದಕ್ಕೇ ಇರಬೇಕು, ಅವ್ವ ಅನ್ನ ಬಿಟ್ಟಳು ಅನ್ನುವುದು ಬೀದಿಗೆಲ್ಲ ದೊಡ್ಡ ಸುದ್ದಿಯಾಯಿತು. ತಮಿಳುನಾಡಿನ ತೇನಿ ಸೀಮೆಯ ತೇವಾರದಿಂದ ಬೆಟ್ಟದ ಕಡೆಗೆ ಒಂದು ಗಳಿಗೆ ನಡೆದರೆ ಸಿಗುವ ಊರು ನಮ್ಮದು. ಊರ ನಡುವೆ ಎರಡು ಬೀದಿ ಕನ್ನಡದ ಒಕ್ಕಲು ಮನೆಗಳು. ಸುತ್ತ ಎಲ್ಲ ತಮಿಳು. ಹೊಸ್ತಿಲ ಆಚೆ ತಮಿಳು, ಈಚೆ ನಮ್ಮ ಮಾತು ಎಂದು ಮನೆಯಲ್ಲಿ ಯಾರೂ ನಿಯಮ ಮಾಡಿರಲಿಲ್ಲ, ಆದರೆ ಚಪ್ಪಲಿ ಬಿಡುವ ಹಾಗೆ ತಮಿಳನ್ನೂ ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಿದ್ದೆವು. ಆ ಮಾತಿಗೂ ಅಕ್ಷರ ಉಂಟೆಂದು ನನಗೆ ಗೊತ್ತಾದದ್ದು ನರ್ಸಿಂಗ್ ಓದಲು ಮೈಸೂರಿಗೆ ಹೋದ ಮೇಲೆ. ಮನೆಗೆ ಮುಂದೆ ಜಗಲಿ, ಆಮೇಲೆ ನಾಲ್ಕು ಕಂಬದ ಪಡಸಾಲೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ಕಣಜದ ಕೋಣೆ. ಕಣಜದ ಕೋಣೆಗೆ ಕಿಟಕಿ ಇರಲಿಲ್ಲ. ಒಳಗೆ ಹೋದರೆ ಭತ್ತದ ಬೆಚ್ಚನೆಯ ವಾಸನೆ ಮೂಗಿಗೆ ಅಂಟಿಕೊಳ್ಳುತ್ತಿತ್ತು. ನಾನೂ ತಂಗಿ ಚೆಲ್ಲಿಯೂ ಅಲ್ಲಿ ಅಡಗಿ ಆಡುತ್ತಿದ್ದೆವು; ಅವಳು ಯಾವಾಗಲೂ ಒಂದೇ ಮೂಲೆಯಲ್ಲಿ ಅಡಗುತ್ತಿದ್ದಳು, ನಾನು ಯಾವಾಗಲೂ ಆ ಮೂಲೆಯನ್ನು ಕೊನೆಗೆ ಹುಡುಕುತ್ತಿದ್ದೆ.

ಮನೆಯ ಯಜಮಾನಿಕೆ ಅಜ್ಜಿಯದು. ಅಪ್ಪನ ತಾಯಿ. ದ್ರಾಕ್ಷಿ ಚಪ್ಪರಕ್ಕೆ ಯಾವತ್ತು ಮದ್ದು ಹೊಡೆಯಬೇಕು, ಯಾರ ಮದುವೆಗೆ ಯಾರು ಹೋಗಬೇಕು, ಸಾರಿಗೆ ಎಷ್ಟು ಹುಳಿ, ಎಲ್ಲ ಅವಳ ಬಾಯಿಂದಲೇ ಬರಬೇಕು. ಅಪ್ಪ ಮಾತು ಕಡಿಮೆಯ ಮನುಷ್ಯ. ತೋಟಕ್ಕೆ ಹೋಗುವಾಗ ಟವಲ್ಲು ಹೆಗಲಿಗೆ, ಬರುವಾಗ ತಲೆಗೆ. ಅವನ ದಿನದಲ್ಲಿ ಅಷ್ಟೇ ಬದಲಾವಣೆ. ಅಜ್ಜಿಗೆ ನಾಟಿ ವೈದ್ಯವೂ ಬರುತ್ತಿತ್ತು. ಹೊಟ್ಟೆನೋವಿಗೆ ಓಮ, ಕೆಮ್ಮಿಗೆ ಆಡುಸೋಗೆ, ಜ್ವರಕ್ಕೆ ಉಪವಾಸ. ಅವಳ ಕೈಯಲ್ಲಿ ಬದುಕಿದವರು ಎರಡೂ ಬೀದಿಯಲ್ಲಿದ್ದರು ಅನ್ನುವುದು ಸುಳ್ಳಲ್ಲ. ಅವಳನ್ನು ರಾಕ್ಷಸಿ ಮಾಡಿಬಿಟ್ಟರೆ ಇದನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು. ಆದರೆ ತಲೆಗೆ ಎಣ್ಣೆ ಹಾಕಿ ತಟ್ಟುವಾಗ ಅವಳ ಅಂಗೈ ಎಷ್ಟು ಮೆತ್ತಗಿತ್ತೆಂದು ನನ್ನ ನೆತ್ತಿಗೆ ಇನ್ನೂ ನೆನಪಿದೆ.

ಚೆಲ್ಲಿಗೆ ಜ್ವರ ಬಂದಾಗ ಅವಳಿಗೆ ನಾಲ್ಕು ವರ್ಷ, ನನಗೆ ಒಂಬತ್ತು. ದ್ರಾಕ್ಷಿ ಕೊಯ್ಲಿನ ಕಾಲ. ತೋಟದಲ್ಲಿ ಆಳುಗಳು, ಅಡುಗೆಮನೆಯಲ್ಲಿ ದೊಡ್ಡ ಹಂಡೆಯಲ್ಲಿ ಅನ್ನ. ಅಜ್ಜಿ ಚೆಲ್ಲಿಯ ಹಣೆ ಮುಟ್ಟಿ ನೋಡಿ, ಪಡಸಾಲೆಯಲ್ಲಿ ಚಾಪೆ ಹಾಸಿಸಿ, ಶುಂಠಿ ನೀರು ಬಿಟ್ಟು ಬೇರೇನೂ ಕೊಡಕೂಡದು ಅಂದಳು.

"ಜರಕ್ಕೆ ಪಟ್ಟಿನೀನೇ ಮದ್ದು. ಸುಡೋ ಮೈಗೆ ಕೂಳ್ ಹಾಕಿದ್ರೆ ಸನ್ನಿ ಆಯ್ತದೆ. ಮೂರ್ ದಿನ ಬಾಯ್ ಕಟ್ಟು, ನಾಕ್ನೇ ದಿನ ಓಡಾಡ್ತಾಳೆ."

ಪಟ್ಟಿನಿ ಅಂದರೆ ಉಪವಾಸ. ನಾನೂ ಎರಡು ಸಲ ಹಾಗೆ ಬಾಯಿ ಕಟ್ಟಿಸಿಕೊಂಡು ಎದ್ದವಳೇ, ಹಾಗಾಗಿ ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಆದರೆ ಚೆಲ್ಲಿಯ ಚಾಪೆ ಇದ್ದದ್ದು ಅಡುಗೆಮನೆಯ ಬಾಗಿಲಿಗೆ ಎದುರಾಗಿ. ಗಂಜಿ ಬಸಿಯುವಾಗ ಹಬೆ ನೇರ ಅವಳ ಮೇಲೆ ಹೋಗುತ್ತಿತ್ತು. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಅವ್ವನ ಸೀರೆಯ ಅಂಚು ಅತ್ತಿತ್ತ ಹೋದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದಳು.

"ಅವ್ವಾ, ಒಸಿ ಅನ್ನ. ಒಸಿಯೇ."

ಅವ್ವ ಒಮ್ಮೆ ತಟ್ಟೆಗೆ ಎರಡು ಬೆರಳಲ್ಲಿ ಅನ್ನ ತೆಗೆದದ್ದನ್ನು ನಾನು ಕಂಡೆ. ಅಜ್ಜಿ ಹಿತ್ತಲಿಂದ ಒಳಗೆ ಬಂದಳು. ಅವ್ವ ಅದನ್ನು ಮತ್ತೆ ಹಂಡೆಗೆ ಹಾಕಿದಳು. ನಾಲ್ಕನೆಯ ಬೆಳಿಗ್ಗೆ ಚೆಲ್ಲಿ ಕಣ್ಣು ಬಿಡದಿದ್ದಾಗ ಅಪ್ಪ ಅವಳನ್ನು ಹೊತ್ತುಕೊಂಡು ಸಿಕ್ಕಿದ ವ್ಯಾನು ಹತ್ತಿದ. ಬೋಡಿಯ ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಅವಳಿಗೆ ಬಂದದ್ದು ಯಾವ ಜ್ವರ, ಅನ್ನ ಕೊಟ್ಟಿದ್ದರೆ ಉಳಿಯುತ್ತಿದ್ದಳೇ ಎಂದು ನರ್ಸ್ ಆದ ಮೇಲೆ ನಾನು ನೂರು ಸಲ ಲೆಕ್ಕ ಹಾಕಿದ್ದೇನೆ. ಬಹುಶಃ ಇಲ್ಲ. ಆ 'ಬಹುಶಃ' ಅವ್ವನ ಕೈಗೆ ಆವತ್ತು ಸಿಕ್ಕಿರಲಿಲ್ಲ, ಸಿಕ್ಕಿದ್ದರೂ ಅವಳಿಗೆ ಅದು ಸಾಲುತ್ತಿರಲಿಲ್ಲ.

ನಮ್ಮ ಕಡೆ ಸತ್ತವರ ಬಾಯಿಗೆ ನೆಂಟರು ಒಂದೊಂದು ಹಿಡಿ ಅಕ್ಕಿ ಹಾಕುತ್ತಾರೆ. ಬಾಯಕ್ಕಿ ಅನ್ನುತ್ತಾರೆ. ಚಿಕ್ಕ ಮಕ್ಕಳಿಗೆ ಆ ಶಾಸ್ತ್ರವಿಲ್ಲ. ಆದರೂ ಚೆಲ್ಲಿಯನ್ನು ಜಗಲಿಯ ಮೇಲೆ ಮಲಗಿಸಿದಾಗ ಅವ್ವ ಕಣಜದ ಕೋಣೆಗೆ ಹೋಗಿ ಮೊರದಲ್ಲಿದ್ದ ಅಕ್ಕಿಯನ್ನು ಎರಡೂ ಕೈಯಲ್ಲಿ ತುಂಬಿಕೊಂಡು ಬಂದಳು. ಬೇಡ ಎಂದು ನಾಲ್ಕು ಜನ ಹಿಡಿದರು. ಅವಳು ಕೊಸರಿಕೊಂಡು ಆ ಪುಟ್ಟ ಬಾಯಿಗೆ ಅಕ್ಕಿ ಹಾಕಿದಳು. ಅರ್ಧ ಕೆನ್ನೆಯ ಮೇಲೆ, ಕೂದಲಿನ ಮೇಲೆ ಚೆಲ್ಲಿತು. ಅಜ್ಜಿ ಕಂಬಕ್ಕೆ ಒರಗಿ ನಿಂತಿದ್ದಳು. ಆವತ್ತಿನಿಂದ ಅವ್ವ ತನ್ನ ಬಾಯಿಗೆ ಅನ್ನ ಇಡಲಿಲ್ಲ.

ಮೊದಲು ಅನ್ನ ಹೋಯಿತು, ಆಮೇಲೆ ಮಾತು ಹೋಯಿತು. ಕಂಬಿನ, ಅಂದರೆ ಸಜ್ಜೆಯ, ಗಂಜಿ ಕೊಟ್ಟರೆ ಎರಡು ಗುಟುಕು, ಇಲ್ಲವಾದರೆ ಅದೂ ಇಲ್ಲ. ಕಣಜದ ಕೋಣೆಯಲ್ಲಿ ಚೆಲ್ಲಿ ಅಡಗುತ್ತಿದ್ದ ಅದೇ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು. ಸ್ನಾನಕ್ಕೆ ನಾನು ಕರೆದುಕೊಂಡು ಹೋಗಬೇಕು, ಜಡೆ ನಾನು ಹಾಕಬೇಕು. ಶಾಲೆಯಿಂದ ಬಂದವಳೇ ಚೀಲ ಎಸೆದು ಮೊದಲು ಅವಳ ಗಂಜಿಯ ಲೋಟ ನೋಡುತ್ತಿದ್ದೆ. ಎಷ್ಟು ಇಳಿದಿದೆ ಅನ್ನುವುದರ ಮೇಲೆ ನನ್ನ ಸಂಜೆ ನಿಂತಿರುತ್ತಿತ್ತು. ಇನ್ನೊಬ್ಬರ ತುತ್ತನ್ನು ಎಣಿಸುವ ಈ ಚಾಳಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಪೆರಿಯಕುಳಂ ಆಸ್ಪತ್ರೆಯಲ್ಲಿ ನನ್ನ ವಾರ್ಡಿಗೆ ಯಾರೇ ಬರಲಿ, ಮೈ ಬಿಸಿ ನೋಡುವ ಮೊದಲು ನಾನು ಕೇಳುವುದು, ಏನು ತಿಂದಿರಿ ಎಂದು. ಹೊಸ ಹುಡುಗಿಯರು ಬೆನ್ನ ಹಿಂದೆ ನಗುತ್ತಾರೆ, ನಗಲಿ.

ಬೀದಿಯವರು ಗಾಳಿ ಸೋಕಿದೆ ಅಂದರು. ತಾಯತ ಕಟ್ಟಿಸಿದ್ದಾಯಿತು. ಪೂಜಾರಿ ಬಂದು ಬೇವಿನ ಸೊಪ್ಪಿನಿಂದ ಹೊಡೆದದ್ದಾಯಿತು. ಅವನು ಮೊದಲು ಮೆಲ್ಲಗೆ ಹೊಡೆಯುತ್ತಿದ್ದ, ಅವ್ವ ಅಳದಿದ್ದುದಕ್ಕೆ ಸಿಟ್ಟು ಬಂದು ಜೋರಾಗಿ ಹೊಡೆದ. ಅಪ್ಪನ ಅಕ್ಕ, ಎರಡು ಮನೆ ಆಚೆ ಇದ್ದ ನನ್ನ ದೊಡ್ಡತ್ತೆ, ದಿನಾ ಬಂದು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ನನ್ನ ಎದುರಿಗೇ ಹೇಳುತ್ತಿದ್ದಳು:

"ದೀಪಾವಳಿಗೊಳ್ಗೆ ನೆಟ್ಟಗಾದ್ರೆ ಶರಿ. ಇಲ್ಲಾಂದ್ರೆ ಅವ್ಳ ಅಣ್ಣಂಗೆ ಹೇಳ್ಕಳ್ಸು, ಕರ್ಕಂಡ್ ಹೋಗ್ಲಿ. ಹುಚ್ಚೀನ ಕಟ್ಕಂಡು ನನ್ ತಮ್ಮ ಎಷ್ಟ್ ದಿನ ಇರಾನ?"

ಅವ್ವನ ಅಣ್ಣ ಒಡ್ಡನ್‌ಛತ್ರಂ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಇಟ್ಟಿದ್ದ ಮಾಮ. ಒಳ್ಳೆಯವನೇ. ಆದರೆ ಅವನ ಮನೆಗೆ ಅವ್ವ ಹೋದರೆ ನಾನು ಹೋಗುವಂತಿಲ್ಲ, ನಾನು ಈ ಮನೆಯ ಮಗಳು. ದೀಪಾವಳಿಗೆ ಹಬ್ಬದ ಬಟ್ಟೆ ಬರುತ್ತದೆಂದು ಎಲ್ಲ ಮಕ್ಕಳೂ ದಿನ ಎಣಿಸುತ್ತಿದ್ದರು. ನಾನೂ ಎಣಿಸುತ್ತಿದ್ದೆ, ಬೇರೆ ಕಾರಣಕ್ಕೆ. ಅಪ್ಪ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಅವನ ಆ ಮೌನಕ್ಕೆ ನಾನು ಬಹಳ ವರ್ಷ ಅವನನ್ನು ಕ್ಷಮಿಸಿರಲಿಲ್ಲ.

ಇಲ್ಲಿ ಜ್ಞಾನಮ್ಮ ಬರಬೇಕು. ಕಾಲುವೆಯ ಆಚೆ ಕಾಲೊನಿಯವರು; ನಮ್ಮ ತೋಟದಲ್ಲಿ ದ್ರಾಕ್ಷಿ ಗೊಂಚಲು ಬಿಡಿಸುವ ಕೆಲಸ. ಅಜ್ಜಿಯ ವಯಸ್ಸಿಗೆ ನಾಲ್ಕೈದು ವರ್ಷ ಕಡಿಮೆ ಇರಬಹುದು, ಆದರೂ ನಮ್ಮ ಮನೆಯ ಮಗುವೂ ಅವರನ್ನು "ಏ ಜ್ಞಾನಂ, ಬಾ" ಎಂದೇ ಕರೆಯುತ್ತಿತ್ತು. ನಾನೂ ಕರೆದಿದ್ದೇನೆ. ಈಗ 'ಅವರು' ಎಂದು ಬರೆಯುವಾಗ ಆ ಹಳೆಯ 'ಏ'ಯನ್ನು ಒಂದೊಂದು ಸಲವೂ ಹೊಡೆದುಹಾಕಿದ ಹಾಗಾಗುತ್ತದೆ. ಅವರು ಜಗಲಿ ಹತ್ತುತ್ತಿರಲಿಲ್ಲ. ನೀರು ಕೇಳಿದರೆ ಮೇಲಿನಿಂದ ಸುರಿಯುತ್ತಿದ್ದೆವು, ಅವರು ಬೊಗಸೆ ಒಡ್ಡಿ ಕುಡಿಯುತ್ತಿದ್ದರು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವ್ವ ಹಿತ್ತಲ ಬಾಗಿಲಿಂದ ಹೊರಟು ತೋಟದ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳಂತೆ. ನೋಡಿದ್ದು ಜ್ಞಾನಮ್ಮ ಒಬ್ಬರೇ. ಅವರು ಕೂಗಲಿಲ್ಲ. ಕೂಗಿದ್ದರೆ ಏನಾಗುತ್ತಿತ್ತೋ. ಮೆಲ್ಲಗೆ ಬಂದು ಕಟ್ಟೆಯ ಇನ್ನೊಂದು ಮಗ್ಗುಲಲ್ಲಿ ಕೂತು, ಬುತ್ತಿ ಬಿಚ್ಚಿ, ತಮ್ಮ ಗಂಡ ತೀರಿಕೊಂಡ ವರ್ಷ ತಾವೂ ಇದೇ ಕಟ್ಟೆಯ ಮೇಲೆ ನಿಂತದ್ದನ್ನು, ಕಾಲೊನಿಯ ಪ್ರಾರ್ಥನೆಯ ಹೆಂಗಸರು ತಮ್ಮನ್ನು ಸರದಿಯ ಮೇಲೆ ಕಾದದ್ದನ್ನು ಹೇಳುತ್ತ ಹೋದರಂತೆ. ಆಮೇಲೆ ಅವ್ವನ ಕೈ ಹಿಡಿದು ಮನೆಯವರೆಗೂ ನಡೆಸಿಕೊಂಡು ಬಂದರು. ಹಿಡಿದ ಕೈಯನ್ನು ಅಜ್ಜಿ ಮೊದಲು ನೋಡಿದಳು.

"ಮುಟ್ಟಿಸ್ಕಂಡ್ ಬಂದವ್ಳೆ. ಈಸ್ವರೀ, ನಿಮ್ಮವ್ವನ್ನ ಬಚ್ಚಲಿಗೆ ಕರ್ಕಂಡ್ ಹೋಗು. ತಲೆಗ್ ನೀರ್ ಹಾಕು."

ಊಟಕ್ಕೆ ಕೂತಿದ್ದ ಅಪ್ಪ ಅರ್ಧ ತಟ್ಟೆ ಬಿಟ್ಟು ಎದ್ದ. ಅವನು ಅಜ್ಜಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅವ್ಳು ಹಿಡ್ಕಂಡ್ ಬರ್ಲಿಲ್ಲಾಂದಿದ್ರೆ ಸ್ನಾನ ಬಾವೀಲೇ ಆಗ್ತಿತ್ತವ್ವಾ. ಬುಡು."

ಮುಂದಿನ ಮಂಗಳವಾರ ಜ್ಞಾನಮ್ಮ ಕೆಲಸ ಮುಗಿಸಿ ಅಂಗಳದಲ್ಲಿ ನಿಂತು, ಅಮ್ಮನನ್ನು ಒಂದು ಗಳಿಗೆ ನಮ್ಮ ಪ್ರಾರ್ಥನೆಗೆ ಕರೆದುಕೊಂಡು ಹೋಗಲೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ನನ್ನ ಕಡೆ ನೋಡಿ, ನೀನೂ ಹೋಗು ಅಂದ. ದೊಡ್ಡತ್ತೆ ಮೂಗು ಮುರಿದಳು. ಅಜ್ಜಿ ಹೊಸ್ತಿಲಿಗೆ ಒಂದು ಚೊಂಬು ನೀರು ಸುರಿದಳು, ಅಷ್ಟೆ.

ಆ ದೇವಾಲಯವನ್ನು ಚರ್ಚು ಎಂದರೆ ನೀವು ಗೋಪುರ, ಬಣ್ಣದ ಗಾಜು ಎಂದುಕೊಳ್ಳುತ್ತೀರಿ. ಅದೊಂದು ಸಿಮೆಂಟು ಶೀಟಿನ ಮನೆ. ಗೋಡೆಗೆ ನೀಲಿ ಸುಣ್ಣ, ಮುಂದೆ ಒಂದು ಮರದ ಶಿಲುಬೆ, ನೆಲಕ್ಕೆ ಕೋರೆ ಹುಲ್ಲಿನ ಚಾಪೆ. ಹತ್ತು ಹನ್ನೆರಡು ಹೆಂಗಸರು. ಎಲ್ಲರ ಬೆರಳಲ್ಲೂ ದ್ರಾಕ್ಷಿಯ ಕರೆ. ನಾವು ಹೋದಾಗ ಅವರೇ ಗಡಿಬಿಡಿಗೊಂಡರು, ಒಕ್ಕಲು ಮನೆಯ ಸೊಸೆಗೆ ಕುರ್ಚಿ ಹಾಕಬೇಕೋ ಚಾಪೆಯೇ ಸಾಕೋ ತಿಳಿಯದೆ. ಬೋಧಕರ ಹೆಂಡತಿ ಸಣ್ಣ ಪ್ರಾಯದವರು, ತೇನಿಯ ಕಡೆಯವರು. ಅವರು ಕುರ್ಚಿಯನ್ನು ಹೊರಗಿಟ್ಟು, ಅವ್ವನನ್ನು ಚಾಪೆಯಲ್ಲಿ ತಮ್ಮ ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

ಹಾಡಾಯಿತು. ಆಮೇಲೆ ಪ್ರಾರ್ಥನೆ. ಅಲ್ಲಿ ಒಬ್ಬರು ಹೇಳಿ ಉಳಿದವರು ಕೇಳುವುದಲ್ಲ. ಎಲ್ಲರೂ ಒಟ್ಟಿಗೆ, ಬಾಯಿ ಬಿಟ್ಟು, ತಂತಮ್ಮದನ್ನು ಗಟ್ಟಿಯಾಗಿ ಹೇಳುವುದು. ಒಬ್ಬಳು ಕುಡುಕ ಗಂಡನ ಬಗ್ಗೆ, ಒಬ್ಬಳು ಬೆನ್ನುನೋವಿನ ಬಗ್ಗೆ, ಒಬ್ಬಳು ಸುಮ್ಮನೆ ಅಪ್ಪಾ ಅಪ್ಪಾ ಎಂದು. ತಗಡಿಗೆ ಮಳೆ ಹೊಡೆದ ಹಾಗೆ ಸದ್ದು. ನನಗೆ ಮೊದಲು ಹೆದರಿಕೆಯಾಯಿತು, ಆಮೇಲೆ ನಗು ಬಂತು. ನಗು ತಡೆಯಲು ತಲೆ ಬಗ್ಗಿಸಿದಾಗ ನನ್ನ ಪಕ್ಕದಲ್ಲಿ ಇನ್ನೊಂದು ದನಿ ಕೇಳಿಸಿತು. ಎಷ್ಟೋ ತಿಂಗಳಿಂದ ಕೇಳದ ದನಿ, ಒರಟಾಗಿತ್ತು. ಅದು ತಮಿಳಲ್ಲ, ಹೊಸ್ತಿಲ ಒಳಗಿನ ನಮ್ಮ ಮಾತು.

"ಅನ್ನ ಕೇಳ್ತು. ಕೂಸು ಅನ್ನ ಕೇಳ್ತು. ಕೊಡ್ಲಿಲ್ಲ ಸಾಮೀ. ಕೈಗ್ ತಕಂಡಿದ್ದೆ, ಕೊಡ್ಲಿಲ್ಲ. ನಂಗೆ ಅತ್ತೇನೇ ದೊಡ್ಡೋಳಾದ್ಳು."

ಅದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ಆ ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಂಡಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಅವಳಿಗೆ ಬಾಯಿ ಬಂತು ಎಂದು ನನಗೀಗ ಅನ್ನಿಸುತ್ತದೆ. ಮನೆಯಲ್ಲಿ ಆ ಮಾತು ಆಡಿದ್ದರೆ ಅದು ಅಜ್ಜಿಯ ಮೇಲಿನ ದೂರಾಗುತ್ತಿತ್ತು. ಇಲ್ಲಿ ಹತ್ತು ಜನರ ನಡುವೆ ಕೂತು, ಹತ್ತು ಜನರ ಅಳುವಿನ ಮರೆಯಲ್ಲಿ, ಕೇಳುವ ಒಬ್ಬನಿಗೆ ಮಾತ್ರ ಹೇಳಬಹುದಾಗಿತ್ತು. ನಾನು ಕೇಳಿಸಿಕೊಂಡೆ ಅನ್ನುವುದನ್ನು ಅವಳಿಗೆ ಎಂದೂ ಹೇಳಲಿಲ್ಲ. ಹಿಂದಿರುಗುವಾಗ ಕಾಲುವೆ ದಾಟುವಲ್ಲಿ ಅವಳೇ ನನ್ನ ಕೈ ಹಿಡಿದಳು. ಅಷ್ಟು ದಿನ ನಾನು ಹಿಡಿಯುತ್ತಿದ್ದೆ.

ಬೋಧಕರ ಹೆಂಡತಿಯೂ ಜ್ಞಾನಮ್ಮನೂ ಸೇರಿ ಅಪ್ಪನಿಗೆ ಹೇಳಿ ಅವ್ವನನ್ನು ತೇನಿಯ ಮನೋವೈದ್ಯರ ಬಳಿಗೂ ಕರೆದೊಯ್ದರು. ಮಾತ್ರೆ ಬಂತು. ಪ್ರಾರ್ಥನೆಗೆ ಹೋಗುವವರು ಮಾತ್ರೆ ನುಂಗಿದರೆ ನಂಬಿಕೆ ಕಡಿಮೆಯೆಂದಾಗದೇ ಎಂದು ಅಲ್ಲಿ ಒಬ್ಬಳು ಕೇಳಿದ್ದಕ್ಕೆ ಜ್ಞಾನಮ್ಮ ತಮಿಳಿನಲ್ಲಿ ಹೇಳಿದ್ದು ಇವತ್ತಿಗೂ ನನಗೆ ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುತ್ತಿದೆ:

"ಪ್ರಾರ್ಥನೆ ಮಾಡೋದು ನಮ್ಮ ಕೆಲಸ. ಮಾತ್ರೆ ನುಂಗೋದು ಈ ಅಮ್ಮನ ಕೆಲಸ. ವಾಸಿ ಮಾಡೋದು ಕರ್ತನ ಕೆಲಸ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬೇಡಿ ತಾಯಿ."

ನಾಲ್ಕು ಮಂಗಳವಾರ ಹಾಗೇ ನಡೆಯಿತು. ಅವ್ವ ಗೋಡೆ ಬಿಟ್ಟು ಬಾಗಿಲ ಕಡೆ ಮುಖ ಮಾಡಿ ಕೂರಲು ತೊಡಗಿದಳು. ಐದನೆಯ ಸಲ ಎಡವಟ್ಟಾಯಿತು. ಬೋಧಕರ ಹೆಂಡತಿ ಆವತ್ತು ಓದಿ ಹೇಳಿದ್ದು, ಸತ್ತಳೆಂದು ಎಲ್ಲರೂ ಅಳುತ್ತಿದ್ದ ಒಬ್ಬ ಹುಡುಗಿಯ ಕೈ ಹಿಡಿದು ಯೇಸು ಎಬ್ಬಿಸಿದ್ದು, ಎಬ್ಬಿಸಿ ಅವಳಿಗೆ ಮೊದಲು ತಿನ್ನಲು ಏನಾದರೂ ಕೊಡಿ ಎಂದದ್ದು. ಪಾಪ, ಅವರಿಗೆ ಚೆಲ್ಲಿ ಅನ್ನ ಕೇಳಿದ ಸಂಗತಿ ಗೊತ್ತಿರಲಿಲ್ಲ. ಅವ್ವ ಎದ್ದು ಹೊರಗೆ ನಡೆದಳು, ಚಪ್ಪಲಿಯನ್ನೂ ಮೆಟ್ಟದೆ. ಮನೆಗೆ ಬಂದು ಕಣಜದ ಕೋಣೆ ಹೊಕ್ಕು ಮತ್ತೆ ಗೋಡೆಗೆ ತಿರುಗಿದಳು. ಗಂಜಿಯೂ ನಿಂತಿತು. ದೊಡ್ಡತ್ತೆ ದೀಪಾವಳಿಯವರೆಗೂ ಕಾಯದೆ ಒಡ್ಡನ್‌ಛತ್ರಂಗೆ ಹೇಳಿ ಕಳಿಸಿಯೇಬಿಟ್ಟಳು. ಮುಂದಿನ ಸೋಮವಾರ ಮಾಮ ಬಂದು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ನಾನು ಅವಳ ಸೀರೆಗಳನ್ನು ಟ್ರಂಕಿನಿಂದ ತೆಗೆದು ಹಿತ್ತಲ ಒಲೆಯ ಸೌದೆಯ ಹಿಂದೆ ಬಚ್ಚಿಟ್ಟೆ. ಸೀರೆ ಇಲ್ಲದೆ ಹೇಗೆ ಹೋಗುತ್ತಾಳೆ ಎಂಬುದು ನನ್ನ ಒಂಬತ್ತು ವರ್ಷದ ಬುದ್ಧಿ.

ಆ ಸಭೆಯಲ್ಲಿ ಹೆಂಗಸರಿಗೊಂದು ಪದ್ಧತಿ ಇತ್ತು. ಒಲೆಯ ಮೇಲೆ ಅಕ್ಕಿ ಹಾಕುವ ಮೊದಲು ಪ್ರತಿ ಹೊತ್ತೂ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಾರೆ. ಭಾನುವಾರ ಎಲ್ಲರ ಮಡಕೆಯದೂ ಸೇರಿ ಬೋಧಕರ ಮನೆಗೋ ಇಲ್ಲದವರ ಮನೆಗೋ ಹೋಗುತ್ತದೆ. ಮೂರು ತುತ್ತಿರುವ ಮನೆಯಲ್ಲಿ ಒಂದು ತುತ್ತು ತೆಗೆದಿಡುವುದು ಸಣ್ಣ ಮಾತಲ್ಲ. ಆ ಭಾನುವಾರ ಮಧ್ಯಾಹ್ನ, ಮಾಮ ಬರುವ ಹಿಂದಿನ ದಿನ, ಐದು ಜನ ಹೆಂಗಸರು ನಮ್ಮ ಬೀದಿಗೆ ಬಂದರು. ಕಾಲೊನಿಯವರು ಕೂಲಿಗಲ್ಲದೆ ಆ ಬೀದಿಗೆ ಹಾಗೆ ಒಟ್ಟಾಗಿ ಬಂದದ್ದಿಲ್ಲ. ಜಗಲಿಗೆ ಎರಡು ಮಾರು ದೂರ ನಿಂತು ಜ್ಞಾನಮ್ಮ ಒಂದು ಎಣ್ಣೆ ಡಬ್ಬವನ್ನು ಕೆಳಗಿಟ್ಟರು. ಅದರ ತುಂಬ ಅಕ್ಕಿ. ಒಂದೇ ತರದ್ದಲ್ಲ, ರೇಷನ್ನಿನ ದಪ್ಪಕ್ಕಿ, ಕುಸುಲಕ್ಕಿ, ನುಚ್ಚು, ಎಲ್ಲ ಬೆರೆತದ್ದು. ಆ ಮಂಗಳವಾರದಿಂದ ಎಲ್ಲ ಮನೆಗಳಲ್ಲೂ ಅವ್ವನ ಹೆಸರು ಹೇಳಿ ತೆಗೆದಿಟ್ಟ ಹಿಡಿಯಕ್ಕಿ.

ಅಜ್ಜಿಗೆ ಅದು ತಲೆಗೆ ಹೊಡೆದ ಹಾಗಾಯಿತು. ಊರಲ್ಲಿ ದೊಡ್ಡ ಕಣಜ ಇರುವ ಮನೆಗೆ, ತನ್ನ ತೋಟದ ಆಳುಗಳು ಅಕ್ಕಿ ತಂದು ಕೊಡುವುದೆಂದರೆ!

"ನಮ್ಮ ಮನೇಗೆ ಬಿಚ್ಚೆ ಹಾಕಾಕೆ ಬಂದ್ರಾ? ನಿಮ್ಮ ಅಪ್ಪನ್ ಕಾಲ್ದಿಂದ ಈ ಕಣ್ಜದ ಕೂಳ್ ತಿಂದೋರು ನೀವು. ಎತ್ಕಂಡ್ ಹೋಗ್ರಿ!"

ಜ್ಞಾನಮ್ಮ ತಲೆ ಬಗ್ಗಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. ತಮಿಳಿನಲ್ಲಿ ನಿಧಾನವಾಗಿ ಹೇಳಿದರು.

"ಇಲ್ಲದ ಮನೆ ಅಂತ ತಂದದ್ದಲ್ಲಮ್ಮಾ. ನಿಮ್ಮ ಸೊಸೆಗೆ ಹಸಿವಿಲ್ಲ ಅಂತ ತಂದದ್ದು. ನಾವು ಬೇಯಿಸಿ ತಂದರೆ ನೀವು ಮುಟ್ಟೋದಿಲ್ಲ. ಹಸಿ ಅಕ್ಕಿಗೆ ಮೈಲಿಗೆ ಇಲ್ಲವಲ್ಲ."

ಅದು ಅಜ್ಜಿಯದೇ ಶಾಸ್ತ್ರ. ಬೆಂದದ್ದಕ್ಕೆ ಜಾತಿ ಉಂಟು, ಹಸಿಯದಕ್ಕಿಲ್ಲ. ಭತ್ತ ನೆಟ್ಟವರು ಅವರು, ಕೊಯ್ದವರು ಅವರು, ಕುಟ್ಟಿದವರೂ ಅವರೇ. ಅಷ್ಟರಲ್ಲಿ ಕಣಜದ ಕೋಣೆಯ ಬಾಗಿಲು ಕಿರ್ ಎಂದಿತು. ಅವ್ವ ಗೋಡೆ ಹಿಡಿದುಕೊಂಡು ಪಡಸಾಲೆ ದಾಟಿ ಜಗಲಿ ಇಳಿದು ಅವರ ನಡುವೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಡಬ್ಬದೊಳಗೆ ಕೈ ಹಾಕಿ, ಬೆರಳ ಸಂದಿಯಿಂದ ಅಕ್ಕಿ ಬಿಡುತ್ತ ಬಹಳ ಹೊತ್ತು ನೋಡಿದಳು.

"ಎಲ್ರೂ ಹಾಕಿದೀರಾ?"

ತಮಿಳಿನಲ್ಲಿ ಕೇಳಿದಳು. ಅವರು ಒಬ್ಬೊಬ್ಬರಾಗಿ ಹೂಂ ಅಂದರು. ಒಬ್ಬಳು, ಬೆನ್ನುನೋವಿನವಳು, ನಮ್ಮನೇದು ನುಚ್ಚು, ಬೈಕೋಬೇಡಮ್ಮಾ ಅಂದಳು. ಅವ್ವ ನಕ್ಕಳೋ ಅತ್ತಳೋ, ಆ ಎರಡರ ನಡುವಿನ ಏನೋ ಒಂದು ಸದ್ದು ಮಾಡಿದಳು. ಅಂಗಳದಲ್ಲೇ ಮೂರು ಕಲ್ಲು ಹೂಡಿ, ನನ್ನ ಕೈಯಿಂದ ನೀರು ತರಿಸಿ, ಅದರಿಂದ ಎರಡು ಹಿಡಿ ಬೇಯಿಸಿದಳು. ದಪ್ಪಕ್ಕಿ ಬೇಯುವಷ್ಟರಲ್ಲಿ ನುಚ್ಚು ಕರಗಿ ಮುದ್ದೆಯಾಯಿತು. ಅಷ್ಟು ಹೊತ್ತೂ ಆ ಐವರು ಬಿಸಿಲಲ್ಲಿ ಕದಲದೆ ನಿಂತಿದ್ದರು, ಅಕ್ಕಪಕ್ಕದ ಜಗಲಿಗಳ ತುಂಬ ನೋಡುವ ಜನ. ಅವ್ವ ಉಪ್ಪೂ ಹಾಕದೆ ಒಂದು ತುತ್ತು ಎತ್ತಿದಳು. ಅರ್ಧ ಮಡಿಲಿಗೆ ಬಿತ್ತು. ಉಳಿದರ್ಧ ಬಾಯಿಗೆ ಹೋಯಿತು. ಅವಳ ಗಂಟಲು ಏರಿ ಇಳಿದದ್ದನ್ನು ನಾನು ಕಂಡೆ, ಸೌದೆಯ ಹಿಂದಿನಿಂದ ಅವಳ ಸೀರೆಗಳನ್ನು ತಂದು ಟ್ರಂಕಿಗೆ ಹಾಕಿದೆ. ಮಾರನೆಯ ದಿನ ಮಾಮ ಬಂದ, ಊಟ ಮಾಡಿದ, ತಂಗಿಯ ತಲೆ ಸವರಿ ಒಬ್ಬನೇ ಹಿಂದಿರುಗಿದ.

ವರ್ಷಗಳ ಮೇಲೆ ಅವ್ವನನ್ನು ಕೇಳಿದೆ, ಯಾಕೆ ಆ ಅಕ್ಕಿ ತಿಂದೆ ಎಂದು. ಅವಳ ಉತ್ತರ ಸರಳವಾಗಿತ್ತು. ಕಣಜದ ಅಕ್ಕಿ ಚೆಲ್ಲಿ ಕೇಳಿದ ಅಕ್ಕಿ. ಅದು ಬಾಯಿಗೆ ಬಂದರೆ ಅವಳ ಮುಖ ಬರುತ್ತಿತ್ತು. ಡಬ್ಬದ್ದು ಯಾರೂ ಕೇಳದೆಯೇ ಕೊಟ್ಟ ಅಕ್ಕಿ. ನಾನು ಕೊಡದಿದ್ದವಳು ಎಂದು ತಿಳಿದೂ ಕರ್ತನು ನನಗೆ ಇವರ ಕೈಯಲ್ಲಿ ಕೊಡಿಸುತ್ತಿದ್ದಾನೆ ಅನ್ನಿಸಿತು, ತಿಂದೆ ಅಂದಳು.

ಒಂದೇ ತುತ್ತಿಗೆ ಎಲ್ಲ ಸರಿಹೋಯಿತು ಎಂದು ಸಾಕ್ಷಿ ಹೇಳುವವರಿದ್ದಾರೆ, ನನಗೆ ಅಂಥ ಸಾಕ್ಷಿ ಬರುವುದಿಲ್ಲ. ಕೊಯ್ಲಿನ ಕಾಲ ಬಂತೆಂದರೆ ಅವ್ವ ಮತ್ತೆ ಮಂಕಾಗುತ್ತಿದ್ದಳು, ಒಂದೆರಡು ವರ್ಷ ಗೋಡೆಯ ತನಕವೂ ಹೋದಳು. ಆಗೆಲ್ಲ ಯಾರಾದರೂ ಒಬ್ಬರು ಕಾಲುವೆ ದಾಟಿ ಬಂದು ಅಂಗಳದಲ್ಲಿ ಕೂರುತ್ತಿದ್ದರು. ಸುಮ್ಮನೆ ಕೂತು ಹುಣಸೆಹಣ್ಣು ಬಿಡಿಸಿಕೊಟ್ಟು ಹೋಗುತ್ತಿದ್ದರು. ಮಾತ್ರೆ ಇವತ್ತಿಗೂ ಇದೆ. ಮೂರು ವರ್ಷದ ಮೇಲೆ ಅವ್ವ ದೀಕ್ಷಾಸ್ನಾನ ತೆಗೆದುಕೊಂಡಳು. ಅಜ್ಜಿ ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟಳು, ಅಡುಗೆಮನೆ ಇಬ್ಭಾಗವಾಯಿತು: ಅಜ್ಜಿಯದು ಒಂದು ಒಲೆ, ನಮ್ಮದು ಒಂದು. ನಮ್ಮ ಒಲೆಯ ಪಕ್ಕ ಹಿಡಿಯಕ್ಕಿಯ ಮಡಕೆ ಬಂತು. ಕಣಜದ ಅಕ್ಕಿಯನ್ನೇ ಅವ್ವ ಪ್ರತಿ ಹೊತ್ತೂ ಒಂದು ಹಿಡಿ ಅದಕ್ಕೆ ಹಾಕಿ, ತುಟಿ ಅಲ್ಲಾಡಿಸಿ, ಆಮೇಲೆ ಒಲೆಗಿಡುತ್ತಿದ್ದಳು. ಒಮ್ಮೆ ನಾನು ಜ್ಞಾನಮ್ಮನನ್ನು ಸಿಟ್ಟಿನಿಂದ ಕೇಳಿದ್ದೆ, ಆ ಕಥೆಯ ಹುಡುಗಿಯನ್ನು ಎಬ್ಬಿಸಿದವನು ನಮ್ಮ ಚೆಲ್ಲಿಯನ್ನು ಯಾಕೆ ಎಬ್ಬಿಸಲಿಲ್ಲ ಎಂದು.

"ಗೊತ್ತಿಲ್ಲ ನನ್ ಕಣ್ಣೇ. ನಾನೂ ಕೇಳ್ತಾ ಇದೀನಿ. ಅವನು ಹೇಳಿದಾಗ ನಿನಗೆ ಹೇಳ್ತೀನಿ."

ಅದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ಯಾವ ಬೋಧಕರೂ ನನಗೆ ಕೊಟ್ಟಿಲ್ಲ. ಆವತ್ತಿನಿಂದ ಅವರನ್ನು ನಾನು ದೊಡ್ಡವ್ವಾ ಎಂದು ಕರೆದೆ.

ಅಜ್ಜಿಗೆ ಕೊನೆಯ ಜ್ವರ ಬಂದಾಗ ನಾನು ಮೈಸೂರಿನಿಂದ ರಜೆಗೆ ಬಂದಿದ್ದೆ. ಪಡಸಾಲೆಯಲ್ಲಿ ಅದೇ ಜಾಗದಲ್ಲಿ ಅವಳ ಹಾಸಿಗೆ. ಡಾಕ್ಟರು ನೋಡಿ, ಇನ್ನೇನೂ ಮಾಡುವಂತಿಲ್ಲ, ಕೇಳಿದ್ದು ಕೊಡಿ ಎಂದು ಹೋಗಿದ್ದರು. ಅಜ್ಜಿ ಮಾತ್ರ ತನ್ನ ಶಾಸ್ತ್ರ ಬಿಡಲಿಲ್ಲ. ಎರಡು ದಿನ ಶುಂಠಿ ನೀರಲ್ಲೇ ಇದ್ದಳು. ಮೂರನೆಯ ದಿನ ಅಡುಗೆಮನೆಯಿಂದ ಗಂಜಿಯ ಹಬೆ ಬಂತು. ಅವಳು ಮುಖವನ್ನು ಆ ಕಡೆ ತಿರುಗಿಸಿ ಮೂಗು ಅರಳಿಸಿದ್ದನ್ನು ನಾನೂ ನೋಡಿದೆ, ಅವ್ವನೂ ನೋಡಿದಳು. ಅವಳು ಬಾಯಿ ಬಿಟ್ಟು ಕೇಳಲಿಲ್ಲ. ಅವ್ವ ಕಾಯಲೂ ಇಲ್ಲ. ಮರುದಿನ ಸಭೆಗೆ ಹೋಗಬೇಕಾಗಿದ್ದ ಹಿಡಿಯಕ್ಕಿಯ ಮಡಕೆಯನ್ನು ಬಗ್ಗಿಸಿ, ಇದ್ದಷ್ಟನ್ನೂ ತೆಗೆದು, ನಮ್ಮ ಒಲೆಯಲ್ಲಿ ಮೆತ್ತಗೆ ಬೇಯಿಸಿ, ತಟ್ಟೆಗೆ ಹಾಕಿ ಆರಿಸಿಕೊಂಡು ಬಂದಳು. ಏಳೆಂಟು ವರ್ಷದಿಂದ ಆ ಒಲೆಯದನ್ನು ಅಜ್ಜಿ ಮುಟ್ಟಿರಲಿಲ್ಲ. ತಟ್ಟೆಯನ್ನು ನೋಡಿದಳು, ಅವ್ವನನ್ನು ನೋಡಿದಳು.

"ಕೂಸಿಗೆ ನಾನೇ ಬ್ಯಾಡ ಅಂದೆ ನಾಗೂ. ನಾನೇ."

ಅವ್ವ ಅವಳ ತಲೆಯನ್ನು ಎತ್ತಿ ತನ್ನ ತೊಡೆಗೆ ಒರಗಿಸಿಕೊಂಡಳು.

"ನೀ ಬ್ಯಾಡಂದೆ. ನಾ ಕೊಡ್ಲಿಲ್ಲ. ಇಬ್ರೂ ಸೇರೇ ಮಾಡ್ದೊ ಅತ್ತೆ. ನಂಗೆ ಮಾಪು ಆಯ್ತು, ನಿಂಗೂ ಐತೆ. ಈಗ ಬಾಯ್ ತೆಗಿ."

ಅಜ್ಜಿ ಬಾಯಿ ತೆಗೆದಳು. ಏಳು ತುತ್ತು. ನಾನು ಎಣಿಸಿದೆ.

ಎರಡು ದಿನದ ಮೇಲೆ ಅವಳನ್ನು ಜಗಲಿಗೆ ತಂದಾಗ ನೆಂಟರೆಲ್ಲ ಸಾಲಾಗಿ ಬಂದು ಬಾಯಕ್ಕಿ ಹಾಕಿದರು. ಅಪ್ಪ ಹಾಕಿದ, ಮಾಮ ಹಾಕಿದ. ಅವ್ವ ಕಾಲ ಬಳಿ ನಿಂತಿದ್ದಳು, ಅವಳ ಹಿಂದೆ ಜ್ಞಾನಮ್ಮ ದೊಡ್ಡವ್ವ, ಅದೇ ಮೊದಲ ಸಲ ನಮ್ಮ ಜಗಲಿಯ ಮೇಲೆ. ದೊಡ್ಡತ್ತೆ ಅಕ್ಕಿಯ ಮೊರವನ್ನು ಅವ್ವನ ಎದುರಿಗೆ ಹಿಡಿದಳು. ಊರೆಲ್ಲ ನೋಡುತ್ತಿತ್ತು.

"ಹಾಕು. ಮತ ಬುಟ್ರೂ ಸೊಸೆ ಸೊಸೇನೇ. ಬಾಯಿಗ್ ಒಂದ್ ಹಿಡಿ ಹಾಕು."

ಅವ್ವ ಮೊರದ ಕಡೆ ನೋಡಲಿಲ್ಲ. ಬಗ್ಗಿ, ಅಜ್ಜಿಯ ಕೆನ್ನೆಗೆ ಅಂಟಿದ್ದ ನಾಲ್ಕು ಕಾಳನ್ನು ಸೆರಗಿನಿಂದ ಒರೆಸಿದಳು.

"ಉಸ್ರಿದ್ದಾಗ್ಲೇ ಹಾಕಿವ್ನಿ ಅತ್ತಿಗೆ" ಅಂದಳು.